ಆರಾಮ ಅಂದವರ ರಕ್ತ

ಸಂಘದ ಕಚೇರಿಯಿಂದ ಹುಡುಗಿಯೊಬ್ಬಳು ಫೋನ್ ಮಾಡಿ, "ಹೊಸದಾಗಿ ಕೆಲಸಕ್ಕ ಬರೋರಿಗೆ ಉಪಯೋಗ ಆಗೂಹಂಗ ನಿಮ್ಮ ಅನುಭವ ಎರಡು ಪುಟ ಬರದು ಕೊಡ್ರಿ ಮೇಡಂ" ಎಂದಳು. ಎರಡು ಪುಟದಲ್ಲಿ ನನಗೆ ಸೂಜಿಯ ಮುಚ್ಚಳ ತೆಗೆಯುವುದಕ್ಕೂ ಆಗುವುದಿಲ್ಲ. ನಿವೃತ್ತಿಯಾದ ಮೇಲೆ ಮನೆಯಲ್ಲಿ ನನ್ನ ಮಾತು ಕೇಳುವವರೂ ಕಡಿಮೆಯಾಗಿದ್ದಾರೆ. ಹಾಗಾಗಿ ಕೈಗೆ ಸಿಕ್ಕ ನಿಮ್ಮನ್ನು ಸುಲಭಕ್ಕೆ ಬಿಡುವವರ ಪೈಕಿ ನಾನಲ್ಲ. ಯಾವಾಗ ಸೇರಿದೆ, ಯಾವಾಗ ಬಡ್ತಿ ಸಿಕ್ಕಿತು ಎಂಬುದೆಲ್ಲ ಕಚೇರಿಯ ಕಡತದಲ್ಲಿದೆ. ಬೇಕಾದವರು ಧೂಳು ಕೊಡವಿ ನೋಡಿಕೊಳ್ಳಲಿ.

ನನ್ನ ಹೆಸರು ಶಮೀಮ್. ಊರು ನರೇಗಲ್. ಕೆಲಸ ಏನಿತ್ತೆಂದರೆ ರೋಣ, ನರಗುಂದ, ಗಜೇಂದ್ರಗಡದ ಓಣಿಗಳಲ್ಲಿ ಮನೆಮನೆಗೆ ಹೋಗಿ ಜನರ ರಕ್ತ ತೆಗೆಯುವುದು, ಜೊತೆಗೆ ಅವರ ಮನಸ್ಸು ಹೇಗಿದೆ ಎಂದು ಕೇಳುವುದು. ಮೊದಮೊದಲು ಹೆಂಗಸರು "ರಕ್ತದಕ್ಕ ಬಂದ್ಲು, ಬಾಗಲಾ ಹಾಕ್ರಿ" ಎನ್ನುತ್ತಿದ್ದರು. ಕೆಲವು ವರ್ಷಗಳ ನಂತರ "ರಕ್ತದಕ್ಕ ಬಂದ್ಲು, ಚಾ ಇಡ್ರಿ" ಎನ್ನತೊಡಗಿದರು. ನನ್ನ ಲೆಕ್ಕದಲ್ಲಿ ಬಡ್ತಿ ಎಂದರೆ ಅದೊಂದೇ.

ರಕ್ತಕ್ಕೂ ಮನಸ್ಸಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಜ್ವರ ಬಂದಾಗ ನಿಮಗೆ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಊಟ ಬೇಡ, ಮಾತು ಬೇಡ, ಮಗು ಹತ್ತಿರ ಬಂದರೂ ಬೇಡ. ಗೋಡೆಗೆ ಮುಖ ಮಾಡಿ ಮಲಗಿದರೆ ಸಾಕು. ಮೈಯೊಳಗಿನ ಕಾವಲು ಪಡೆ ಸೋಂಕಿನ ಜೊತೆ ಹೊಡೆದಾಡುತ್ತಿರುವಾಗ ಮಿದುಳಿಗೆ "ಸುಮ್ಮನೆ ಬಿದ್ದಿರು" ಎಂದು ಹೇಳಿಕಳಿಸುತ್ತದೆ. ಜ್ವರ ಇಳಿದ ಮೇಲೆ ಪಡೆ ಮಲಗುತ್ತದೆ, ನಾವು ಏಳುತ್ತೇವೆ. ಆದರೆ ಕೆಲವರ ಮೈಯಲ್ಲಿ ವೈರಿ ಇಲ್ಲದಿದ್ದರೂ ಪಡೆ ಮಲಗುವುದೇ ಇಲ್ಲ. ಸಣ್ಣ ಬೆಂಕಿಯ ಹಾಗೆ ಉರಿಯೂತ ಒಳಗೇ ಇರುತ್ತದೆ. ಅಂಥವರಿಗೆ ಖಿನ್ನತೆ ಹೆಚ್ಚು ಬರುತ್ತದೆಯೇ, ಖಿನ್ನತೆ ಇರುವವರೆಲ್ಲರ ರಕ್ತದಲ್ಲೂ ಆ ಉರಿ ಕಾಣುತ್ತದೆಯೇ, ಕೆಲವರದರಲ್ಲಿ ಮಾತ್ರವೇ? ನಮ್ಮ ಸಂಘ ಹುಟ್ಟಿದ್ದು ಈ ಪ್ರಶ್ನೆಗಳಿಗಾಗಿ.

ಸಂಘ ಎಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ರಕ್ತದ ಕಡೆಯ ವಿಜ್ಞಾನಿಗಳನ್ನೂ ಮನಸ್ಸಿನ ಕಡೆಯ ಡಾಕ್ಟರರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಹಟ, ಅಷ್ಟೇ ಅದರ ಆಸ್ತಿ. ಕೂರಿಸುವುದು ಸುಲಭವಿರಲಿಲ್ಲ. ರೋಣದಲ್ಲಿ ನಡೆದ ಮೊದಲ ಸಭೆಗೆ ಕುರ್ಚಿ ಹಾಕಿಸಿದವಳು ನಾನು. ರಕ್ತದವರು ಕಿಟಕಿಯ ಕಡೆ ಕೂತರು, ಮನಸ್ಸಿನವರು ಬಾಗಿಲ ಕಡೆ. ಮದುವೆಯಲ್ಲಿ ಮಾತುಕತೆ ಮುರಿದ ಬೀಗರೂ ಅಷ್ಟು ದೂರ ಕೂರುವುದಿಲ್ಲ. ಆಗ ಸಂಘದ ಹಿರಿಯರು ಒಂದು ನಿಯಮ ಮಾಡಿದರು. ಸಂಶೋಧನೆಗೆ ಸಹಾಯ ಬೇಕಿದ್ದವರು ಇಬ್ಬರು ಜೋಡಿಯಾಗಿ ಬರಬೇಕು, ಒಬ್ಬರು ಈ ಕಡೆಯವರು, ಇನ್ನೊಬ್ಬರು ಆ ಕಡೆಯವರು. ಒಬ್ಬರೇ ಬಂದರೆ ಚಹಾ ಸಿಗುತ್ತದೆ, ಸಹಾಯ ಸಿಗುವುದಿಲ್ಲ. ಊಟದ ಹೊತ್ತಿಗೆ ಕುರ್ಚಿಗಳು ಅಡ್ಡಾದಿಡ್ಡಿಯಾದವು.

ಹಾಗೆ ಜೋಡಿಯಾದವರೇ ನನ್ನ ಇಬ್ಬರು ಮೇಲಧಿಕಾರಿಗಳು. ಡಾ. ಸುಮಿತ್ರಾ ಮೇಡಂ ರಕ್ತದ ಕಡೆಯವರು, ಮೈಸೂರು ಸೀಮೆಯವರು. ಮಾತು ಮೆದು, ಶಿಸ್ತು ಕಬ್ಬಿಣ. ಡಾ. ದೇಸಾಯಿ ಸರ್ ಮನಸ್ಸಿನ ಕಡೆಯವರು, ಧಾರವಾಡದವರು. ಅವರು ಯಾವ ಮನೆಗೆ ಹೋದರೂ ಕಾರಿನ ಕೀಲಿ ಮರೆತು ಬರುತ್ತಿದ್ದರು. ಅದನ್ನು ತರಲು ಮತ್ತೆ ಹೋದಾಗ ಆ ಮನೆಯವರು ಮೊದಲ ಸಲ ಹೇಳದ ಮಾತು ಹೇಳುತ್ತಿದ್ದರು. ಅವರು ಬೇಕೆಂದೇ ಮರೆಯುತ್ತಾರೆ ಎಂದು ನನಗೆ ಬಹಳ ದಿನ ಅನುಮಾನವಿತ್ತು. ಒಂದು ದಿನ ಚಪ್ಪಲಿ ಮರೆತು ಬಂದ ಮೇಲೆ ಅನುಮಾನ ಹೋಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಇವರ ನಡುವೆ ನಾನು ನೊಗ. ಆದರೂ ಇಬ್ಬರ ಮೇಲೂ ನನಗೆ ಜೀವ. ಈಗಲೂ ನಾನು ಒಂದು ದಿನ ಫೋನ್ ಮಾಡದಿದ್ದರೆ ಅವರೇ ಮಾಡುತ್ತಾರೆ.

ಈಗ ಪ್ರಮಾದಗಳ ಕಡೆ ಬರೋಣ. ನಮ್ಮ ಮೊದಲ ಶಿಬಿರ ನರಗುಂದದಲ್ಲಿ, ಕಾಳಿನ ವ್ಯಾಪಾರಿಗಳ ಓಣಿಯಲ್ಲಿ. ರಾತ್ರಿ ಊಟದ ನಂತರ ಏನೂ ತಿನ್ನದೆ ಬಂದವರ ರಕ್ತವೇ ಬೇಕು ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಓಣಿಯಲ್ಲಿ "ಉಪವಾಸ ಬರ್ರಿ" ಎಂದು ಹೇಳಿಸಿದ್ದೆವು. ಶ್ರಾವಣ ಸೋಮವಾರ, ಹೆಂಗಸರು ಸಾಲುಗಟ್ಟಿ ಬಂದರು. ಏನಾದರೂ ತಿಂದಿದ್ದೀರಾ ಎಂದರೆ ಎಲ್ಲರದ್ದೂ ಒಂದೇ ಉತ್ತರ: "ಇಲ್ರಿ, ಉಪವಾಸ ಅದೀವ್ರಿ." ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದರೆ ಮೇಲೆ ನಿಲ್ಲಬೇಕಾದ ತಿಳಿನೀರು ಮಜ್ಜಿಗೆಯ ಬಣ್ಣಕ್ಕಿತ್ತು. ಮೇಡಂ ಕೊಳವೆಯನ್ನು ಬೆಳಕಿಗೆ ಹಿಡಿದು, "ಶಮೀಮ್, ಇವರೆಲ್ಲ ಈಗಷ್ಟೇ ಚೆನ್ನಾಗಿ ಊಟ ಮಾಡಿ ಬಂದಿದ್ದಾರೆ" ಎಂದರು. ನಾನು ಹೊರಗೆ ಹೋಗಿ ಒಬ್ಬ ಅಜ್ಜಿಯನ್ನು ಕೇಳಿದೆ.

"ಊಟ ಎಲ್ಲೀದವಾ. ಒಂದೀಟು ಸಾಬುದಾಣಿ, ಎರಡು ಶೇಂಗಾ ಉಂಡಿ, ಮ್ಯಾಲ ತುಪ್ಪಾ ಹಾಕಿ ಬಾಳೀಹಣ್ಣು. ಉಪಾಸ ಮಾಡೋರು ಅಷ್ಟರ ತಿನ್ನಬೇಕಲ್ಲ" ಎಂದಳು ಅಜ್ಜಿ.

ಅವಳು ಸುಳ್ಳು ಹೇಳಿರಲಿಲ್ಲ. ಅವಳ ಉಪವಾಸ ದೇವರಿಗೆ ಒಪ್ಪಿತ್ತು, ಮೇಡಂಗೆ ಒಪ್ಪಲಿಲ್ಲ, ಅಷ್ಟೇ. ಒಂದು ಶಿಬಿರದ ರಕ್ತವೆಲ್ಲ ಹಾಳಾಯಿತು. ಆಮೇಲೆ ಗಜೇಂದ್ರಗಡದಲ್ಲಿ ರಂಜಾನ್ ತಿಂಗಳಲ್ಲಿ ಶಿಬಿರ ಎಂದಾಗ ನಾನೇ ಬೇಡವೆಂದೆ. ನಮ್ಮ ಮಂದಿ ಆಗ ಹಗಲು ನೀರೂ ಕುಡಿಯುವುದಿಲ್ಲ, ನರ ಸಿಗುವುದಿಲ್ಲ. ಸಹರಿಯ ಊಟಕ್ಕೆಂದು ನಸುಕಿನಲ್ಲೇ ಏಳುವವರಿಗೆ ನಿದ್ದೆ ಹೇಗಿದೆ ಎಂದು ಕೇಳಿ ಏನು ಉಪಯೋಗ? ಅಂದಿನಿಂದ ಸಂಘದವರು ಶಿಬಿರದ ದಿನ ಗೊತ್ತು ಮಾಡುವ ಮೊದಲು ನಮ್ಮ ಮನೆಯ ಕ್ಯಾಲೆಂಡರ್‌ನಲ್ಲಿ ಎರಡೂ ಧರ್ಮದ ಹಬ್ಬ ನೋಡುತ್ತಾರೆ. ನೀವೂ ನೋಡಿ.

ತೆಗೆದ ರಕ್ತವನ್ನು ತಂಪಾಗಿ ರೋಣಕ್ಕೆ ಮುಟ್ಟಿಸಬೇಕಿತ್ತು. ಈಗ ನಿಮಗೆ ಗಾಡಿ ಇದೆ. ಆಗ ನನಗೆ ಥರ್ಮಾಕೋಲ್ ಪೆಟ್ಟಿಗೆ ಮತ್ತು ಸರಕಾರಿ ಬಸ್ಸು. ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತರೆ ಪಕ್ಕದವರಿಗೆ ತಡೆಯುತ್ತಿರಲಿಲ್ಲ.

"ಕುಲ್ಪಿ ಏನ್ರಿ ಅದು?" ಎಂದು ಸೂಡಿಯಲ್ಲಿ ಹತ್ತಿದ ಮುದುಕನೊಬ್ಬ ಕೇಳಿದ.

"ಅಲ್ರಿ ಯಜ್ಜಾ, ರಕ್ತ."

ಅವನು ಎದ್ದು ಮುಂದೆ ಹೋದ. ಹೋಗುವಾಗ ನಾಲ್ಕು ಜನರಿಗೆ ಹೇಳಿಯೂ ಹೋದ. ಹಿಂದಿನ ಸೀಟುಗಳೆಲ್ಲ ಖಾಲಿಯಾದವು. ಸಂತೆಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಾಗ ನಾನು ಪೆಟ್ಟಿಗೆಯಲ್ಲಿ ಏನಿದೆ ಎಂದು ತುಸು ಗಟ್ಟಿಯಾಗಿಯೇ ಹೇಳಿದ್ದುಂಟು.

ರಕ್ತ ತೆಗೆಯುವುದು ಕಷ್ಟವಲ್ಲ. ಕಷ್ಟವಾದದ್ದು ಮನಸ್ಸಿನ ಪ್ರಶ್ನೆಗಳು. ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಮೊದಲು ಪ್ರಶ್ನೆ ಕೇಳಬೇಕು, ಆಮೇಲೆ ರಕ್ತ. ಪದ್ಧತಿ ಹಾಗಿತ್ತು. ಗುಟ್ಟು ಗುಟ್ಟಾಗಿರಲಿ ಎಂಬ ಒಳ್ಳೆಯ ಉದ್ದೇಶವೇ. ಆದರೆ ನಮ್ಮ ಕಡೆ ಒಬ್ಬ ಹೆಂಗಸನ್ನು ಒಳಗೆ ಕರೆದು ಬಾಗಿಲು ಹಾಕಿದರೆ ಓಣಿಯೆಲ್ಲ ಕಿವಿಯಾಗುತ್ತದೆ. ಒಳಗೆ ಹೋದವಳಿಗೆ ಅದು ಗೊತ್ತು. "ಇತ್ತೀಚೆಗೆ ಬ್ಯಾಸರಾ ಅನಸ್ತೈತೇನ್ರಿ?" "ಇಲ್ರಿ, ಆರಾಮ ಅದೀನ್ರಿ." "ನಿದ್ದಿ?" "ಆರಾಮ ಬರ್ತೈತ್ರಿ." ಕಣ್ಣ ಕೆಳಗೆ ಕಪ್ಪುಗಟ್ಟಿದವಳೂ ಆರಾಮ, ನಿನ್ನೆಯಷ್ಟೇ ಬಾವಿಯ ಕಟ್ಟೆಯ ಮೇಲೆ ಕೂತು ಅತ್ತವಳೂ ಆರಾಮ. ದೇಸಾಯಿ ಸರ್ ಎಲ್ಲ ಉತ್ತರ ನೋಡಿ, "ಶಮೀಮಕ್ಕ, ಈ ತಾಲ್ಲೂಕಿನಾಗ ದುಃಖ ಇರೋ ಮನುಷ್ಯಾ ನಾ ಒಬ್ಬನ ಅದೀನಿ ಅಂತ ಕಾಣಸ್ತದ" ಎಂದರು.

ನಮ್ಮ ಅಮ್ಮ ನರೇಗಲ್ಲಿನ ಸಂತೆಯಲ್ಲಿ ಬಳೆ ಇಡಿಸುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು ಬೆಳೆದವಳು ನಾನು. ಬಳೆ ಇಡಿಸಿಕೊಳ್ಳಲು ಕೈ ಕೊಟ್ಟ ಹೆಂಗಸು ಸುಮ್ಮನಿರುವುದಿಲ್ಲ. ಕೈ ಇನ್ನೊಬ್ಬರ ಕೈಯಲ್ಲಿದ್ದಾಗ, ಕಣ್ಣು ಬಳೆಯ ಮೇಲಿದ್ದಾಗ ತವರಿನ ಸುದ್ದಿ, ಗಂಡನ ಸುದ್ದಿ ತಾನಾಗಿ ಬರುತ್ತದೆ. ಹಾಗಾಗಿ ನಾನು ಮೇಡಂಗೆ ಒಂದು ಮಾತು ಹೇಳಿದೆ: ಮೊದಲು ರಕ್ತ ತೆಗೆಯೋಣ, ಪಡಸಾಲೆಯ ಮೂಲೆಯಲ್ಲೇ. ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿಯಬೇಕಲ್ಲ, ಅದನ್ನು ಅವರ ಕೈಗೆ ಬಿಡದೆ ನಾನೇ ಹಿಡಿದುಕೊಂಡು ಆಗ ಮೆಲ್ಲಗೆ ಕೇಳುತ್ತೇನೆ. ಮೇಡಂ ಒಪ್ಪಲಿಲ್ಲ. ಸೂಜಿಯ ಭಯ ಉತ್ತರವನ್ನು ಬದಲಿಸುತ್ತದೆ, ಅರ್ಧ ಜನರಿಗೆ ಹೀಗೆ ಅರ್ಧ ಜನರಿಗೆ ಹಾಗೆ ಮಾಡಿದರೆ ಹೋಲಿಸಲು ಬರುವುದಿಲ್ಲ ಎಂದರು. ಮಾತು ಸರಿಯೇ ಇತ್ತು. ದೇಸಾಯಿ ಸರ್ ನನ್ನ ಪರ. ವಿಷಯ ಸಂಘದ ಹಿರಿಯರ ಮುಂದೆ ಹೋಯಿತು. ಅವರು ಜಗಳಕ್ಕೆ ತೀರ್ಪು ಕೊಡದೆ ಪರೀಕ್ಷೆ ಇಟ್ಟರು. ನರೇಗಲ್ಲಿನ ಒಂದು ಓಣಿಯಲ್ಲಿ ಹಳೆಯ ಪದ್ಧತಿ, ಪಕ್ಕದ ಓಣಿಯಲ್ಲಿ ನನ್ನದು. ಪಕ್ಕದ ಓಣಿಯ ಹೆಂಗಸರು ಹತ್ತಿ ತೆಗೆದ ಮೇಲೂ ಕೈ ಹಿಂದಕ್ಕೆ ತೆಗೆದುಕೊಳ್ಳದೆ ಮಾತಾಡಿದರು. ಮೇಡಂ ಅದನ್ನು ಕಂಡು ಒಂದೇ ದಿನದಲ್ಲಿ ಮನಸ್ಸು ಬದಲಿಸಿದರು. ಪದ್ಧತಿಯನ್ನು ಎಲ್ಲ ಕಡೆಗೂ ಒಂದೇ ಮಾಡಿ, ಅದುವರೆಗಿನ ಉತ್ತರಗಳನ್ನು ಪಕ್ಕಕ್ಕಿಟ್ಟರು. ಅಷ್ಟು ದಿನದ ದುಡಿಮೆ ಪಕ್ಕಕ್ಕಿಡುವುದು ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಈಗಲೂ ಅನಿಸುತ್ತದೆ.

ಇನ್ನು ಗಜೇಂದ್ರಗಡದ ಮನೆಯೊಂದರ ವಿಷಯ. ನಾನು ಬರೆಯಲು ಒಪ್ಪಿದ್ದೇ ಇದಕ್ಕಾಗಿ.

ನೇಕಾರರ ಓಣಿಯಲ್ಲಿ ಗೌರವ್ವ ಎಂಬ ಹೆಂಗಸಿನ ಮನೆ. ಗಂಡ ತೀರಿದ ಮೇಲೆ ನೆಲದ ತಗ್ಗಿನಲ್ಲಿ ಕಾಲಿಳಿಸಿ ನೇಯುವ ಕುಣಿ ಮಗ್ಗದಲ್ಲಿ ಕೂತು ಪಟ್ಟೇದಂಚಿನ ಸೀರೆ ನೇಯ್ದು ಮಗ ಈರಪ್ಪನನ್ನು ಬೆಳೆಸಿದವಳು. ಮಾತು ಖಡಕ್ಕು, ಮನೆಯಲ್ಲಿ ಅವಳದ್ದೇ ಕೊನೆಯ ಮಾತು. ಸೊಸೆ ನೀಲವ್ವ ಸೂಡಿಯವಳು. ಅವರಿಗೊಂದು ಸಣ್ಣ ಹೆಣ್ಣುಮಗು. ನೀಲವ್ವ ಮೊದಲು ಹಾಡಿಕೊಂಡು ಕಂಡಿಕೆಗೆ ನೂಲು ಸುತ್ತುತ್ತಿದ್ದಳಂತೆ. ಆ ವರ್ಷದ ಮಳೆಗಾಲದಿಂದ ಸುಮ್ಮನಾಗಿದ್ದಳು. ಮಗ್ಗದ ಮುಂದೆ ಕೂತರೆ ಲಾಳಿ ಓಡದೆ ಕೈಯಲ್ಲೇ ಇರುತ್ತಿತ್ತು. ಊಟ ಬಿಟ್ಟಿದ್ದಳು. ಮಗು ಬಂದು ಸೆರಗು ಎಳೆದರೆ ಯಾರದೋ ಮಗುವನ್ನು ನೋಡಿದ ಹಾಗೆ ನೋಡುತ್ತಿದ್ದಳು.

ನಮ್ಮ ಕೆಲಸದಲ್ಲಿ ಆರಾಮ ಇಲ್ಲದ ಒಬ್ಬರ ರಕ್ತ ತೆಗೆದರೆ ಅದೇ ಮನೆಯ ಆರಾಮ ಇರುವ ಒಬ್ಬರ ರಕ್ತವನ್ನೂ ತೆಗೆಯಬೇಕಿತ್ತು. ಒಂದೇ ಅಡುಗೆ, ಒಂದೇ ನೀರು, ಒಂದೇ ದುಡಿಮೆ ಇರುವವರನ್ನು ಹೋಲಿಸಿ ನೋಡಲಿಕ್ಕೆ. ಆ ಮನೆಯಲ್ಲಿ ಆರಾಮ ಇರುವವಳು ಗೌರವ್ವ. ಅವಳು ತೋಳು ಚಾಚಿ ಕೂತು, ನಾನು ಹತ್ತಿ ಒತ್ತಿ ಹಿಡಿದು ಕೇಳಿದ್ದಕ್ಕೆಲ್ಲ ಕಡ್ಡಿ ಮುರಿದಂತೆ ಉತ್ತರ ಕೊಟ್ಟಳು. ನಿದ್ದೆ? "ಚಲೋ ಬರ್ತೈತ್ರಿ." ಮೈಕೈ ನೋವು? "ಇಲ್ರಿ." ಬೇಸರ? "ಬ್ಯಾಸರಾ ಮಾಡ್ಕೊಂಡು ಕುಂತ್ರ ಮಗ್ಗ ನಡೀತೈತೇನ್ರಿ? ಆರಾಮ ಅಂತ ಬರ್ಕೋರಿ." ಬರೆದುಕೊಂಡೆ. ನನ್ನ ಬಳೆಯ ವಿದ್ಯೆ ಎಲ್ಲರ ಮುಂದೆ ನಡೆಯುವುದಿಲ್ಲ.

ಆಮೇಲೆ ಸೊಸೆಯ ಕಡೆ ಕೈ ತೋರಿಸಿ ಅವಳು ಹೇಳಿದಳು: "ಇಕೀಗೆ ಜ್ವರ ಇಲ್ಲ, ಕೆಮ್ಮ ಇಲ್ಲ. ಸೋಗ ಮಾಡ್ತಾಳ್ರಿ. ರಕ್ತದಾಗ ಏನರ ರೋಗ ಬಂದ್ರ ದವಾಖಾನಿಗೆ ತೋರಸ್ತೀನಿ, ನಾನ ಖುದ್ದ ಸೇವಾ ಮಾಡ್ತೀನಿ. ಏನೂ ಬರಲಿಲ್ಲಂದ್ರ ಸೂಡಿ ಬಸ್ ಹತ್ತಸ್ತೀನಿ. ಸೋಗ ಅವರಪ್ಪನ ಮನ್ಯಾಗ ಮಾಡ್ಲಿ. ಕೂಸು ಮಾತ್ರ ಇಲ್ಲೇ ಇರ್ತೈತಿ."

ಈರಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ತಲೆ ತಗ್ಗಿಸಿಕೊಂಡೇ ಇದ್ದ.

ನೀಲವ್ವನ ಸರದಿ ಬಂತು. ಸೂಜಿ ಚುಚ್ಚಿದರೂ ಅವಳ ಮುಖ ಅಲುಗಲಿಲ್ಲ. ಹತ್ತಿ ಒತ್ತಿ ಹಿಡಿದೆ. ಅತ್ತೆಗೆ ಕೇಳಿಸದ ಹಾಗೆ ಅವಳು ಹೇಳಿದಳು: "ಅಕ್ಕಾರ, ನನ್ನ ರಕ್ತದಾಗ ಏನರ ಬರಲಿ ಅಂತ ಬೇಡ್ಕೋರಿ."

ರೋಗ ಬರಲಿ ಎಂದು ಬೇಡಿಕೊಳ್ಳುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಂದು ರೋಣದ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡು ನನಗೆ ಅಳು ಬಂತು, ಬೇಡಿಕೊಂಡೆ ಕೂಡ.

ಆದರೆ ಯಾರ ರಕ್ತದಲ್ಲಿ ಏನು ಬಂತು ಎಂದು ಅವರಿಗೆ ಹೇಳುವ ಪದ್ಧತಿಯೇ ಆಗ ಇರಲಿಲ್ಲ. ಮೇಡಂರನ್ನು ಕೇಳಿದೆ. "ಶಮೀಮ್, ಬಹಳ ಜನರ ರಕ್ತ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಒಂದು ದಾರಿ ಕಾಣುತ್ತೆ. ಒಬ್ಬಳ ಅಂಕಿ ನೋಡಿ ಅವಳ ಮನಸ್ಸಿಗೆ ಏನಾಗಿದೆ ಅಂತ ಹೇಳೋಕಾಗಲ್ಲ. ಅವಳ ಅತ್ತೆ ಅದನ್ನ ತಕ್ಕಡಿ ಥರ ಹಿಡಿದು ತೂಗ್ತಾರೆ. ಆಮೇಲೆ ನೀನೇ ಪಶ್ಚಾತ್ತಾಪ ಪಡ್ತೀಯ" ಎಂದರು. ದೇಸಾಯಿ ಸರ್, "ಸೂಜಿ ಚುಚ್ಚಿ ತೊಗೊಂಡದ್ದು ಅವರ ರಕ್ತ. ಏನು ಬಂತು ಅಂತ ಕೇಳಿದ್ರ ಹೇಳಂಗಿಲ್ಲ ಅನ್ನಲಿಕ್ಕೆ ನಾವು ಯಾರು?" ಎಂದರು. ಅಷ್ಟರಲ್ಲಿ ಓಣಿಯಲ್ಲಿ ನಾವು ರಕ್ತ ಮಾರುತ್ತೇವೆ ಎಂಬ ಸುದ್ದಿಯೂ ಹಬ್ಬಿತ್ತು. ಹೇಳದೆ ಬಚ್ಚಿಟ್ಟರೆ ಜನ ಮತ್ತೇನು ತಿಳಿಯಬೇಕು?

ಸಂಘದ ವಾರ್ಷಿಕ ಸಭೆಯಲ್ಲಿ ಇದೇ ಚರ್ಚೆಯಾಯಿತು. ಓಣಿಯಲ್ಲಿ ಓಡಾಡುವ ನಮಗೂ ಅಲ್ಲಿ ಮಾತಾಡಲು ಅವಕಾಶ ಕೊಟ್ಟರು. ನಾನು ಗೌರವ್ವ ಹೇಳಿದ್ದನ್ನೂ ನೀಲವ್ವ ಹೇಳಿದ್ದನ್ನೂ ಅವರ ಹೆಸರು ಎತ್ತದೆ ಹೇಳಿ ಕೂತೆ. ಸಭೆ ಜಗಳವಾಡಿತು. ಊಟ ಆರಿತು. ಪಾಯಸಕ್ಕೆ ಕೆನೆ ಕಟ್ಟಿತು. ಸಂಜೆಗೆ ಒಂದು ತೀರ್ಮಾನ ಬಂತು. ಕೇಳಿದವರಿಗೆ ಹೇಳಬೇಕು. ಕಾಗದ ಕೊಡಬಾರದು, ಎದುರಿಗೆ ಕೂತು ಬಾಯಿಂದ ಹೇಳಬೇಕು. ರಕ್ತದವರೂ ಮನಸ್ಸಿನವರೂ ಇಬ್ಬರೂ ಕೂತು ಹೇಳಬೇಕು. ಮತ್ತು ಅಂಕಿ ಏನೇ ಬಂದಿರಲಿ, ಸಂಕಟ ಇದೆ ಎಂದವರಿಗೆ ಚಿಕಿತ್ಸೆ ಕೊಡಿಸಬೇಕು. ಕೊನೆಯ ಮಾತನ್ನು ಸೇರಿಸಿದವರು ಸುಮಿತ್ರಾ ಮೇಡಂ. ಅವರು ಮೊದಲು ಬೇಡ ಎಂದವರು, ಬರೆಯುವಾಗ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ನೀವು ಇಂದು ಸಲೀಸಾಗಿ ಪಾಲಿಸುವ ಈ ನಿಯಮ ಹುಟ್ಟಿದ್ದು ಹಾಗೆ.

ಗಜೇಂದ್ರಗಡಕ್ಕೆ ನಾವು ಮೂವರೂ ಮೇಡಂ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಮೇಡಂ ಮೆಲ್ಲಗೆ ಹೇಳಿದರು: "ನೀಲವ್ವಂದು ಉರಿಯೂತದ ಅಂಕಿ ಹೆಚ್ಚಿಲ್ಲ, ಶಮೀಮ್. ಎರಡು ಸಲ ನೋಡಿದೆ." ಇಷ್ಟೆಲ್ಲ ಹಟ ಮಾಡಿ ಆ ಹುಡುಗಿಯನ್ನು ಬಸ್ಸು ಹತ್ತಿಸಲು ನಾನೇ ಹೊರಟಂತಾಯಿತು. ಸೂಡಿ ದಾಟುವಾಗ ನಾನು ಕಿಟಕಿಯ ಕಡೆ ನೋಡಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು.

ಮನೆಯಲ್ಲಿ ಈರಪ್ಪ ಮಗ್ಗ ನಿಲ್ಲಿಸಿದ. ಗೌರವ್ವ ಚಾಪೆ ಹಾಸಿದಳು. ಮೇಡಂ ನೀಲವ್ವನನ್ನು ಒಳಗೆ ಕರೆದರು, ಅವಳಿಗೊಬ್ಬಳಿಗೇ ಹೇಳಲು. ಅವಳು ಏಳಲಿಲ್ಲ.

"ಅತ್ತಿ ಮುಂದನ ಹೇಳ್ರಿ. ಅವರು ಕೇಳಲಿ ಅಂತನ ರಕ್ತ ಕೊಟ್ಟೀನಿ" ಎಂದಳು.

ಮೇಡಂ ಹೇಳಿದರು. ಉರಿಯೂತ ಕಾಣಲಿಲ್ಲ. ಆದರೆ ಇದರಿಂದ ಅವಳಿಗೆ ಕಾಯಿಲೆ ಇಲ್ಲ ಎಂದು ಅರ್ಥವಲ್ಲ ಎಂದೂ ಹೇಳಿದರು. ಎರಡನೆಯ ಮಾತು ಗೌರವ್ವನ ಕಿವಿಗೆ ಹೋಗಲಿಲ್ಲ.

"ಆತಲ್ಲ" ಎಂದು ಅವಳು ಎದ್ದಳು. "ಈರಪ್ಪಾ, ಬಸ್ ಎಷ್ಟೊತ್ತಿಗೈತಿ?"

"ಅವ್ವಾರ, ಒಂದೀಟ ಕುಂದರ್ರಿ" ಎಂದರು ದೇಸಾಯಿ ಸರ್. "ಎಲ್ಲಾ ಬ್ಯಾನಿ ರಕ್ತದಾಗ ಕಾಣಸಂಗಿಲ್ರಿ. ಕೆಲವರದು ಕಾಣಸ್ತದ, ಕೆಲವರದು ಇಲ್ಲ. ಅಕೀ ಸಂಕಟ ಖರೇನ ಅದ."

"ನಿಮ್ಮ ಮಶೀನ್ನ ಹೇಳೇತಲ್ರಿ ಸಾಹೇಬ್ರ, ಏನಿಲ್ಲಂತ. ಮತ್ತ ಅದಕ್ಕ ಯಾಕ ಮಾತು?" ಎಂದು ಅವಳು ಮೇಡಂ ಕಡೆ ತಿರುಗಿದಳು. "ನಂದೂ ಹೇಳ್ರಿ. ನಾನೂ ಕೊಟ್ಟೀನಿ. ಆರಾಮ ಇದ್ದವರ ರಕ್ತ ಹ್ಯಾಂಗಿರ್ತೈತಿ ಅಂತ ಅಕೀಗೂ ತಿಳೀಲಿ."

ಮೇಡಂ ಅವಳ ಹತ್ತಿರಕ್ಕೆ ಸರಿದರು. "ಒಳಗೆ ಹೋಗಿ ಮಾತಾಡೋಣ್ವಾ?" ಎಂದರು.

"ನಂದೇನ ಮುಚ್ಚಿಡೂದೈತ್ರಿ? ಇಲ್ಲೇ ಹೇಳ್ರಿ."

"ನಿಮ್ಮದು ಬಹಳ ಹೆಚ್ಚಿದೆ, ಗೌರವ್ವ. ಇದನ್ನೂ ಎರಡು ಸಲ ನೋಡಿದೆ. ನಿಮಗೆ ಕೀಲು ನೋವು ಏನಾದರೂ ಇದೆಯಾ? ಬೆಳಿಗ್ಗೆ ಕೈ ಬಿಗಿಯುತ್ತಾ?"

ನನಗೂ ಇದು ಗೊತ್ತಿರಲಿಲ್ಲ. ಕಾರಿನಲ್ಲಿ ಮೇಡಂ ಹೇಳಿರಲಿಲ್ಲ. ಕೇಳದವರದ್ದನ್ನು ಅವರು ನನಗೂ ಹೇಳುವವರಲ್ಲ.

"ಇಲ್ರಿ" ಎಂದಳು ಗೌರವ್ವ. "ನಾ ಆರಾಮ ಅದೀನ್ರಿ."

ಆಗ ನೀಲವ್ವ ಮಾತಾಡಿದಳು. ಅವಳ ಅಷ್ಟು ಮಾತನ್ನು ಆ ಮನೆ ಎಷ್ಟು ತಿಂಗಳಿಂದ ಕೇಳಿರಲಿಲ್ಲವೋ.

"ಅತ್ತಿಗೆ ಮುಂಜಾನೆ ಬೆರಳ ಮಡಚಾಕ ಬರೂದಿಲ್ರಿ. ಬಚ್ಚಲದಾಗ ಕುಂತು ಬಿಸಿನೀರಾಗ ಕೈ ಅದ್ಕೊಂಡು ಅಳ್ತಾರ. ಆಮ್ಯಾಲ ಮಾರಿ ತೊಳ್ಕೊಂಡು ಮಗ್ಗಕ್ಕ ಬರ್ತಾರ."

ಗೌರವ್ವ ಸೊಸೆಯನ್ನೇ ನೋಡಿದಳು. "ನೀ ಯಾವಾಗ ನೋಡಿದಿ?"

"ದಿನಾ ನೋಡ್ತೀನ್ರಿ."

"ಮತ್ತ ಯಾಕ ಯಾರ ಮುಂದೂ ಹೇಳಲಿಲ್ಲ?"

"ನೀವು ಆರಾಮ ಅಂತ ಎಲ್ಲಾರ ಮುಂದ ಹೇಳಿದ್ರಿ. ನಿಮ್ಮ ಮಾತ ನಾ ಹ್ಯಾಂಗ ಸುಳ್ಳ ಮಾಡ್ಲಿ?"

ದೇಸಾಯಿ ಸರ್ ಏನೋ ಹೇಳಲು ಬಾಯಿ ತೆರೆದರು. ಮೇಡಂ ಅವರ ಮೊಣಕೈ ಹಿಡಿದು ಸುಮ್ಮನಾಗಿಸಿದರು. ಗೌರವ್ವ ನಿಂತಲ್ಲೇ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಬೆರಳ ಗಂಟುಗಳು ಬಾತಿದ್ದವು. ಅದೇ ಕೈ ಹಿಡಿದು ಹತ್ತಿ ಒತ್ತಿದ್ದ ನನಗೂ ಅವು ನೇಯ್ದು ನೇಯ್ದು ಆದ ಗಂಟು ಎಂದೇ ಅನಿಸಿತ್ತು.

"ನನ್ನ ಸುಳ್ಳ ಅಕಿ ಖರೇ ಮಾಡಿ ಇಟ್ಲು" ಎಂದಳು ಕೊನೆಗೆ. "ನಾ ಅಕೀ ಖರೇನ ಸುಳ್ಳ ಮಾಡಿದೆ. ಇಷ್ಟು ವರ್ಷ ಸೋಗ ಮಾಡಿದಾಕಿ ನಾನ ಅದೀನ್ರಿ."

ಈರಪ್ಪ ಕುಣಿಯಿಂದ ಮೇಲೆ ಬಂದು, "ಬಸ್ಸಿಂದು..." ಎಂದ.

"ಯಾವ ಬಸ್ಸೋ? ನೀಲವ್ವ ಎಲ್ಲೂ ಹೋಗೂದಿಲ್ಲ. ದವಾಖಾನಿಗೆ ಹೋಗೂದು, ಇಬ್ಬರೂ ಕೂಡಿ ಹೋಗ್ತೀವಿ."

ನನ್ನ ಹುಡುಗರೇ, ಹುಡುಗಿಯರೇ, ಆ ಮನೆಯ ಎರಡೂ ಅಂಕಿಗಳು ನಮ್ಮ ಲೆಕ್ಕಕ್ಕೆ ತಲೆಕೆಳಗಾಗಿ ಬಂದಿದ್ದವು. ಮೇಡಂ ವಾಪಸು ಬರುವಾಗ, ಆರಾಮ ಎಂದು ಬರೆದುಕೊಂಡ ಎಲ್ಲರನ್ನೂ ಮತ್ತೆ ಕೇಳಬೇಕು, ಮನೆಯ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು ಎಂದರು. ಆ ಕೆಲಸಕ್ಕೆ ನಮಗೆ ಮತ್ತೊಂದು ವರ್ಷ ಹಿಡಿಯಿತು. ನೀವು ಈಗ ಇಬ್ಬಿಬ್ಬರನ್ನು ಕೂರಿಸಿ ಕೇಳುವುದು ಅದಕ್ಕೇ. ಬೇಸರಪಟ್ಟುಕೊಳ್ಳಬೇಡಿ.

ಆದರೆ ಹಾಗೆ ಮೊದಲು ಕೇಳಿಸಿದ್ದು ಮೇಡಂ ಅಲ್ಲ, ಗೌರವ್ವ. ನಾವು ಹೊರಡಲು ಎದ್ದಾಗ ಅವಳು ನನ್ನ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದಳು. "ಹೋಗಬ್ಯಾಡ್ರಿ ಅಕ್ಕಾರ. ಅವತ್ತ ಬರ್ಕೊಂಡದ್ದು ಹೊಡದ ಹಾಕ್ರಿ, ಮೊದಲಿಂದ ಕೇಳ್ರಿ" ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ನೀನೂ ಬಾ, ಬಾಜೂಕ ಕುಂದ್ರು. ನಾ ಬಿಟ್ಟದ್ದು ನೀ ಹೇಳು, ನೀ ಬಿಟ್ಟದ್ದು ನಾ ಹೇಳ್ತೀನಿ" ಎಂದಳು.

ನೀಲವ್ವ ಬಂದು ಕೂತಳು. ನಾನು ಮೊದಲ ಪ್ರಶ್ನೆ ಕೇಳಿದೆ.

"ರಾತ್ರಿ ನಿದ್ದಿ ಬರ್ತೈತೇನ್ರಿ?"

ಗೌರವ್ವ ಬಾತ ಬೆರಳುಗಳಿಂದ ಸೊಸೆಯ ಕೈ ಹಿಡಿದುಕೊಂಡು, "ಇಲ್ರಿ" ಎಂದಳು.